ಒಣದಾಗಿ ಸುಲಿದ ಶೇಂಗಾ

ಎಪ್ಪತ್ತೊಂಬತ್ತರ ಮುಂಗಾರಿನಲ್ಲಿ ಅರಕೇರಾದ ವಿರೂಪಣ್ಣನ ನಾಲ್ಕು ಎಕರೆ ಶೇಂಗಾ ಹುಟ್ಟಿದ ಹದಿನೈದೇ ದಿನಕ್ಕೆ ಸಾಯತೊಡಗಿತು. ತಪ್ಪು ಹೊರಿಸಲು ಅವನಿಗೆ ಯಾರಾದರೂ ಬೇಕಿತ್ತು. ಸಿಕ್ಕವಳು ಕೂಲಿ ಶೇಖಮ್ಮನ ಸೊಸೆ ಗೋಪಮ್ಮ. ಬಿತ್ತನೆಯ ಕಾಯಿ ಸುಲಿಯಲು ಹೋದ ದಿನ ಆಕೆ ಮುಟ್ಟಾಗಿದ್ದಳಂತೆ.

"ಮುಟ್ಟಾದಾಕಿ ಬೀಜಕ್ಕ ಕೈ ಹಚ್ಚಿ ನನ್ನ ಹೊಲ ಹಾಳು ಮಾಡಿದಿ. ಇನ್ನ ಯಾರ ಹೊಲಕ್ಕೂ ಕಾಲಿಡಬ್ಯಾಡ," ಎಂದು ವಿರೂಪಣ್ಣ ಊರಬಾಗಿಲಿನ ಅಗಸಿ ಮುಂದೆ ನಿಂತು ಊರಿಗೆಲ್ಲ ಕೇಳುವಂತೆ ಒದರಿದ. ಅಂದಿನಿಂದ ಗೋಪಮ್ಮನನ್ನು ಒಬ್ಬರೂ ಕೂಲಿಗೆ ಕರೆಯಲಿಲ್ಲ. ಕಳೆ ತೆಗೆಯುವ ಹಂಗಾಮಿನಲ್ಲಿ ಸೊಸೆ ಸುಮ್ಮನೆ ಕೂತದ್ದನ್ನು ನೋಡಿದಾಗಲೆಲ್ಲ ಶೇಖಮ್ಮನ ಹೊಟ್ಟೆ ಉರಿಯುತ್ತಿತ್ತು. ಹೆಂಗಸಿನ ಬೆವರು ಬೇಕು, ಮುಟ್ಟು ಬೇಡವೆಂದರೆ ಅದ್ಯಾವ ಸೀಮೆಯ ನ್ಯಾಯ?

ಒಂದು ದಿನ ದೇವದುರ್ಗದಿಂದ ಗ್ರಾಮಸೇವಕ ಕನಕರಾಯ ಸೈಕಲ್ ಮೇಲೆ ಬಂದ. ಬಾಡಿದ ಸಸಿಯೊಂದನ್ನು ಕಿತ್ತು ವಿರೂಪಣ್ಣನಿಗೂ ಕಳೆ ತೆಗೆಯುತ್ತಿದ್ದ ಹೆಂಗಸರಿಗೂ ತೋರಿಸಿದ. ಬುಡಕ್ಕೆ ಕಾಡಿಗೆಯಂಥ ಪುಡಿ ಹತ್ತಿತ್ತು.

"ಇದು ಬೂಷ್ಟು ರೋಗ. ಹಸಿ ಬೀಜ ಕಟ್ಟಿಟ್ರ ಬರತೈತಿ. ಸುಲಿಯೋ ಮುಂದ ಕಾಯಿಗೆ ನೀರು ಹೊಡದಿದ್ರೇನು?"

ಆ ಹೆಂಗಸರಲ್ಲಿ ಶೇಖಮ್ಮನೂ ಇದ್ದಳು. ನೀರು ಚಿಮುಕಿಸಿದವಳು ಆಕೆಯೇ. ಒಣ ಸಿಪ್ಪೆ ಒತ್ತಿ ಒತ್ತಿ ಹೆಬ್ಬೆರಳು ಸೀಳಿಹೋಗುತ್ತದೆ, ನೆನೆದರೆ ಸಿಪ್ಪೆ ಮೆತ್ತಗಾಗುತ್ತದೆ. ಅವಳವ್ವನೂ ಹಾಗೇ ಮಾಡುತ್ತಿದ್ದಳು. ಆ ಹಸಿ ಬೀಜವನ್ನೇ ಚೀಲಕ್ಕೆ ತುಂಬಿ ಮಳೆಗೆ ಕಾಯುತ್ತ ನಾಲ್ಕು ದಿನ ಇಟ್ಟವನು ವಿರೂಪಣ್ಣ. ತನ್ನ ಕೆಲಸಕ್ಕೆ ಸೊಸೆ ಬೈಸಿಕೊಂಡಳಲ್ಲ ಎಂದು ಶೇಖಮ್ಮನಿಗೆ ತನ್ನ ಮೇಲೇ ಸಿಟ್ಟು ಬಂತು.

"ನಾನೇ ಹೊಡದಿದ್ದೆ ಯಪ್ಪಾ. ನನ್ನ ಕೂಲಿ ಬಿಡಸ್ರಿ, ಅಕಿನ್ನ ಕರೀರಿ," ಎಂದಳು.

ವಿರೂಪಣ್ಣ ನಕ್ಕ. "ಸೊಸಿನ್ನ ಉಳಿಸ್ಕೊಳ್ಳಾಕ ಕತಿ ಕಟ್ಟಾಕತ್ತೀದಿ. ನೀರಿಗೆ ಬೀಜ ಕೆಡೋದಾದ್ರ ನಾವು ಮಳಿಗೆ ಯಾಕ ಕಾಯಬೇಕು?"

ಆ ನಗು ಆಕೆಯನ್ನು ಬೈಗುಳಕ್ಕಿಂತ ಹೆಚ್ಚು ಉರಿಸಿತು. ಅವನಲ್ಲಿ ಉಳಿದಿದ್ದ ಅದೇ ಕಾಯಿ ಎರಡು ಸೇರು ಇಸಿದುಕೊಂಡಳು. ಒಂದು ಸೇರಿಗೆ ನೀರು ಹೊಡೆದು ಸುಲಿದು, ಬೀಜವನ್ನು ನಾಲ್ಕು ದಿನ ಚೀಲದಲ್ಲಿ ಕಟ್ಟಿಟ್ಟಳು. ಇನ್ನೊಂದು ಸೇರನ್ನು ಮನೆಯಲ್ಲಿ ಒಣದಾಗಿಯೇ ಸುಲಿಸಿದಳು. ಅವನ ಹೊಲದಂಚಿಗೆ, ಕನಕರಾಯನ ಕಣ್ಣೆದುರಿಗೆ, ಎರಡು ಸಾಲು ಊರಿದಳು.

ಮೂರು ವಾರ ಕಳೆಯುವಷ್ಟರಲ್ಲಿ ನೀರಿನ ಸಾಲು ಅರ್ಧಕ್ಕರ್ಧ ಕಪ್ಪಾಗಿ ಬಿದ್ದಿತ್ತು. ಒಣ ಸಾಲಿನಲ್ಲಿ ಸಸಿಗಳು ಗಟ್ಟಿಯಾಗಿ ನಿಂತಿದ್ದವು. ವಿರೂಪಣ್ಣ ಅದರಲ್ಲೊಂದನ್ನು ಕಿತ್ತು, ಬುಡ ನೋಡಿ, ಕಣ್ಣಿಗೊತ್ತಿಕೊಂಡ.

"ಇಂಥಾ ಬೀಜ ಬೇಕು ನನಗ. ಇನ್ನೊಮ್ಮೆ ಬಿತ್ತತೀನಿ."

"ಅದನ್ನ ಸುಲಿದಾಕಿ ಗೋಪಮ್ಮ," ಎಂದಳು ಶೇಖಮ್ಮ. "ಮುಟ್ಟಾದ ಎರಡನೇ ದಿನ. ಬೇಕಂತಲೇ ಅವತ್ತು ಸುಲಿಸೀನಿ."

ಸಸಿಯನ್ನು ಬಿಸಾಡಲೂ ಆಗದೆ ಹಿಡಿದುಕೊಳ್ಳಲೂ ಆಗದೆ ವಿರೂಪಣ್ಣ ನಿಂತ. ಸಾಲು ನೋಡಲು ಬಂದಿದ್ದ ಕನಕರಾಯ ಆ ಕಡೆ ತಿರುಗಿ ಸೈಕಲ್ ಒರೆಸತೊಡಗಿದ.

"ನಾಳಿಂದ ಅಕಿನ್ನೂ ಕಳಸು," ಎಂದ ವಿರೂಪಣ್ಣ ಕೊನೆಗೆ.

"ನಾನ್ಯಾಕ ಕಳಸಲಿ? ಬ್ಯಾಡ ಅಂದವರು ನೀವು. ನೀವೇ ಬಂದು ಕರೀರಿ."

ಮರುದಿನ ಬೆಳಿಗ್ಗೆ ವಿರೂಪಣ್ಣ ಅವರ ಓಣಿಗೆ ಬಂದ. ಅತ್ತಿತ್ತ ನೋಡಿ, "ಸುಲ್ಯಾಕ ಬಾ, ಗೋಪಮ್ಮ," ಎಂದು ಗೊಣಗಿದ.

ಗೋಪಮ್ಮ ಬಾಗಿಲಿಗೆ ಬಂದು ನಿಂತಳು.

"ಬ್ಯಾಡ ಅಂದಿದ್ದು ಅಗಸಿ ಮುಂದ ರೀ. ಅಲ್ಲೇ ನಿಂತು, ಅಷ್ಟೇ ಜೋರಾಗಿ ಕರೀರಿ. ಬರ್ತೀನಿ."