ಸೋಮ್ಲಾನಾಯ್ಕರ ಜೀಪಿನ ಬಂಪರು

ನಾನು ಒಂದು ಬಂಪರು. ಅಂಗಡಿಯಲ್ಲಿ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಕೂತಿರುವ ತಗಡಿನ ಬಂಪರು ಎಂದು ತಿಳಿಯಬೇಡಿ. ನನ್ನನ್ನು ಎತ್ತಬೇಕಾದರೆ ಇಬ್ಬರು ಗಟ್ಟಿ ಆಳು ಬೇಕು, ಎತ್ತಿ ಇಟ್ಟ ಮೇಲೆ ಇಬ್ಬರೂ ಸೊಂಟ ಹಿಡಿದುಕೊಂಡು ನೀರು ಕೇಳಬೇಕು. ಬಂಪರಾಗುವ ಮೊದಲು ನಾನು ಅದಿರು ಹೊರುವ ಲಾರಿಯ ಚಾಸಿಯಾಗಿದ್ದೆ. ಹನ್ನೆರಡು ವರ್ಷ ಸಂಡೂರಿನ ಬೆಟ್ಟದಿಂದ ಕೆಂಪು ಕಲ್ಲು ಇಳಿಸಿದ ಮೈ ಇದು. ಆ ಲಾರಿಯನ್ನು ಒಡೆದು ಹಾಕಿದ ಮೇಲೆ, ಹೊಸಪೇಟೆಯ ಸಂಡೂರು ರಸ್ತೆಯಲ್ಲಿದ್ದ ಮೌನೇಶಾಚಾರ್ಯರ ವೆಲ್ಡಿಂಗ್ ಶೆಡ್ಡಿನಲ್ಲಿ ನನಗೆ ಎರಡನೇ ಹುಟ್ಟು ಬಂತು.

ಹುಟ್ಟಿಸಿದವರು ಆಚಾರ್ಯರಲ್ಲ, ಅವರ ಮಗಳು ನಾಗವೇಣಿ.

ನಾಗವೇಣಿಗೆ ಆಗ ಇಪ್ಪತ್ತಾರು. ಆರು ವರ್ಷದಿಂದ ಶೆಡ್ಡಿನಲ್ಲಿ ಕಿಟಕಿ ಸರಳು, ಗೇಟು, ಮೆಟ್ಟಿಲ ಕೈಹಿಡಿ ಇವನ್ನೇ ಮಾಡುತ್ತಿದ್ದಳು. ಗಾಡಿ ಕೆಲಸ ಮಾತ್ರ ಅಪ್ಪನದು. "ಗೇಟು ತಪ್ಪಾದ್ರ ಬಾಗಿಲು ಹಾಕಾಕ ಬರೂದಿಲ್ಲ, ಅಷ್ಟ. ಗಾಡಿ ತಪ್ಪಾದ್ರ ಮನುಷ್ಯಾರು ಹೋಗ್ತಾರ" ಎಂದು ಆಚಾರ್ಯರು ಅವಳ ಬಾಯಿ ಮುಚ್ಚಿಸುತ್ತಿದ್ದರು. ಆದರೆ ಬೆಟ್ಟದ ಮೇಲಿನ ಲಂಬಾಣಿ ತಾಂಡಾದ ಸೋಮ್ಲಾನಾಯ್ಕರು ತಮ್ಮ ಜೀಪು ತಂದು ನಿಲ್ಲಿಸಿದ ದಿನ ಆಚಾರ್ಯರ ಕಣ್ಣಿಗೆ ಪೊರೆಯ ಆಪರೇಷನ್ ಆಗಿ ಹಸಿರು ಪಟ್ಟಿ ಕಟ್ಟಿತ್ತು. ಜೀಪಿನ ಹಳೆಯ ತಗಡಿನ ಬಂಪರು ಬೆಟ್ಟದ ಕಲ್ಲಿಗೆ ಬಡಿದು ಬಡಿದು ಹಪ್ಪಳದಂತೆ ಸುರುಳಿಯಾಗಿತ್ತು.

"ನಾ ಮಾಡ್ತೀನಪ್ಪ" ಎಂದಳು ನಾಗವೇಣಿ.

ಆಚಾರ್ಯರು ಪಟ್ಟಿಯ ಕೆಳಗಿಂದಲೇ ಅವಳ ಕಡೆ ಮುಖ ತಿರುಗಿಸಿದರು. "ಮಾಡು. ಆದ್ರ ಗುರುತು ಹಾಕಬ್ಯಾಡ. ಆರು ತಿಂಗಳು ಓಡ್ಲಿ. ದೂರು ಹೊತ್ತು ತಿರುಗಿ ಬರಲಿಲ್ಲಂದ್ರ ಅವಾಗ ಹಾಕು, ಗಾಡಿ ಕೆಲಸಾನೂ ನಿಂದೇ. ಬಂತೋ, ಮತ್ತ ಗೇಟಿಗೆ ಹೋಗು."

ಈ ಗುರುತಿನ ವಿಷಯ ಹೇಳಬೇಕು. ಆ ಮನೆತನದಲ್ಲಿ ಕೈ ಕೆಲಸದ ಹಿಂಬದಿಗೆ, ಯಾರಿಗೂ ಕಾಣದ ಕಡೆ, ಮಾಡಿದವರ ಗುರುತಿನ ಉಳಿ ಇಟ್ಟು ಒಂದೇ ಪೆಟ್ಟು ಹೊಡೆಯುತ್ತಾರೆ. ಅಜ್ಜನದು ಮೂರು ಚುಕ್ಕಿ. ಆಚಾರ್ಯರದು ಬೇವಿನ ಎಲೆ. ನಾಗವೇಣಿ ಹುಟ್ಟಿದ ವರ್ಷವೇ ಆಚಾರ್ಯರು ಅವಳಿಗಾಗಿ ಜೋಳದ ಕಾಳಿನಷ್ಟು ನಾಗರಹೆಡೆಯ ಉಳಿ ಕೆತ್ತಿ ಎಣ್ಣೆಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ಇಪ್ಪತ್ತಾರು ವರ್ಷವಾದರೂ ಅದು ಒಂದು ಕಬ್ಬಿಣವನ್ನೂ ಮುಟ್ಟಿರಲಿಲ್ಲ. ಗೇಟಿಗೆ ಗುರುತು ಹಾಕುವ ಪದ್ಧತಿ ಇಲ್ಲವಂತೆ.

ನಾಗವೇಣಿ ನನ್ನನ್ನು ಹೇಗೆ ಮಾಡಿದಳು ಎಂದು ನೆನೆದರೆ ಈಗಲೂ ಮೈ ಬೆಚ್ಚಗಾಗುತ್ತದೆ. ಮೊದಲು ಜೀಪನ್ನು ತೊಳೆದಳು. ಸಮ ನೆಲದಲ್ಲಿ ನಿಲ್ಲಿಸಿ, ಗಾಲಿ ನೆಟ್ಟಗೆ ಮಾಡಿ, ದಾರ ಹಿಡಿದು ರಟ್ಟಿನ ಮೇಲೆ ನಕ್ಷೆ ತೆಗೆದಳು. ಹಳೆಯ ಬಂಪರು ಗಾಲಿಗಿಂತ ಒಳಗೇ ಮುಗಿಯುತ್ತಿತ್ತು. ನನ್ನನ್ನು ಮಾತ್ರ ಎರಡೂ ಕಡೆ ಗಾಲಿಯ ಮುಂದಕ್ಕೂ ಬರುವಷ್ಟು ಅಗಲ ಮಾಡಿದಳು. ದಾರಿಯ ಕಲ್ಲು ನೇರ ಟೈರಿಗೆ ಬಡಿಯಬಾರದು ಎಂಬುದು ಅವಳ ಲೆಕ್ಕ. ಆ ಅಗಲ ಅವಳದೇ ಬುದ್ಧಿ, ಅಪ್ಪ ಹೇಳಿಕೊಟ್ಟದ್ದಲ್ಲ. ಮೇಲೆ ಕಪ್ಪು ಬಣ್ಣ ಬಳಿದಾಗ ನಾನು ಮದುವೆ ಗಂಡಿನ ಮೀಸೆಯ ಹಾಗೆ ಆ ಕಡೆಯಿಂದ ಈ ಕಡೆಗೆ ಚಾಚಿಕೊಂಡಿದ್ದೆ.

"ಏ ವೇಣವ್ವ, ಇದು ಬಂಪರೋ, ಕೋಟೆ ಬಾಗಿಲೋ?" ಎಂದು ಸೋಮ್ಲಾನಾಯ್ಕರು ನನ್ನನ್ನು ಸವರಿದರು. "ಇನ್ನ ನಮ್ಮ ಜೀಪು ಬಂದ್ರ ಬೆಟ್ಟನ ಪಕ್ಕಕ್ಕ ಸರೀಬೇಕು ನೋಡು!"

ನಾನು ಆ ಮಾತನ್ನು ನಿಜವೆಂದೇ ನಂಬಿದೆ.

ಸೋಮ್ಲಾನಾಯ್ಕರ ಜೀಪು ದಿನಾ ಸಂಡೂರಿನಿಂದ ಬೆಟ್ಟದ ಮೇಲಿನ ತಾಂಡಾಕ್ಕೆ ಹೋಗುತ್ತಿತ್ತು. ಬಸ್ಸು ಹತ್ತದ ದಾರಿ. ಸಂತೆಯ ಚೀಲ, ಬೀಗರು, ಮರಿ ಮೇಕೆ, ಎಲ್ಲಕ್ಕೂ ಅದೊಂದೇ ಗಾಡಿ. ಗುರುವಾರ ಬಂತೆಂದರೆ ಸರ್ಕಾರಿ ದವಾಖಾನೆಯ ಪ್ರಭಾವತಿ ಸಿಸ್ಟರು ಲಸಿಕೆಯ ನೀಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂರುತ್ತಿದ್ದರು. ಡಬ್ಬಿಯೊಳಗಿನ ಐಸು ಕರಗುವ ಮುಂಚೆ ತಾಂಡಾ ಸೇರಬೇಕು. ಮೊದಲ ಗುರುವಾರ ಅವರು ನನ್ನನ್ನು ನೋಡಿ, "ಗಾಡಿಗಿಂತ ಇದೇ ಭಾರ ಕಾಣತೈತಲ್ರಿ ನಾಯ್ಕರ" ಎಂದದ್ದು ನನಗೆ ಹೊಗಳಿಕೆಯಾಗಿ ಕೇಳಿಸಿತು.

ಆ ದಾರಿಯಲ್ಲಿ ಅರ್ಧ ಬೆಟ್ಟಕ್ಕೆ ಒಂದು ಎಡ ತಿರುವು. ಸ್ಟೇರಿಂಗನ್ನು ಪೂರ್ತಿ ಎಡಕ್ಕೆ ಎಳೆಯದೆ ಅಲ್ಲಿ ಗಾಡಿ ತಿರುಗುವುದಿಲ್ಲ. ಬಲಕ್ಕೆ ಹಳ್ಳ. ಎರಡನೇ ವಾರವೋ ಏನೋ, ಅಲ್ಲಿ ತಿರುಗುವಾಗ ನನ್ನ ಬಲ ತುದಿಗೆ ಏನೋ ಉಜ್ಜಿತು. ಕಿರ್ರ್ ಎಂದಿತು. ಟೈರು! ನನಗೆ ಕೋಪ ಬಂತು. ಎಲ್ಲಿಯ ರಬ್ಬರು, ಎಲ್ಲಿಯ ನಾನು? ಜಾಗ ನೋಡಿ ತಿರುಗಬಾರದೇ ಎಂದುಕೊಂಡೆ.

ಬೇರೆ ಊರಾಗಿದ್ದರೆ ಮರುದಿನವೇ ಯಾರಾದರೂ ಕಾಣುತ್ತಿದ್ದರು. ಕಪ್ಪು ಬಣ್ಣ ಉಜ್ಜಿ ಹೋಗಿ ಒಳಗಿನ ಕೆಂಪು ಅಸ್ತರಿನ ಬಣ್ಣ ತೋರುತ್ತಿತ್ತು. ಆದರೆ ನಮ್ಮ ಸಂಡೂರಿನಲ್ಲಿ ಕೆಂಪಾಗಿ ತೋರದ್ದು ಯಾವುದಿದೆ? ಎಮ್ಮೆ ಕೆಂಪು, ಬೇವಿನ ಗಿಡ ಕೆಂಪು, ಒಣಹಾಕಿದ ಬಿಳಿ ಪಂಚೆ ಕೆಂಪು. ನನ್ನ ಗಾಯವನ್ನೂ ಎಲ್ಲರೂ ಅದಿರಿನ ಧೂಳೆಂದೇ ತಿಳಿದರು.

ಸೋಮ್ಲಾನಾಯ್ಕರಿಗೆ ಮಾತ್ರ ತಿಳಿಯಿತು. ಒಂದು ಬೆಳಿಗ್ಗೆ ಟೈರಿಗೆ ಗಾಳಿ ನೋಡುವಾಗ ಬಲ ಟೈರಿನ ಅಂಚಿನಲ್ಲಿ ಬೆರಳಿನ ಉಗುರು ಹೋಗುವಷ್ಟು ಗೀರು ಸಿಕ್ಕಿತು. ನನ್ನನ್ನು ನೋಡಿದರು. ಟೈರನ್ನು ನೋಡಿದರು. ಗುರುತಿನ ಮಾತು ನಡೆದಾಗ ಅವರೂ ಶೆಡ್ಡಿನಲ್ಲೇ ನಿಂತಿದ್ದರಲ್ಲ, ಆರು ತಿಂಗಳ ಲೆಕ್ಕ ಅವರಿಗೂ ಗೊತ್ತು. ಇನ್ನೂ ನಾಲ್ಕು ತಿಂಗಳು ಬಾಕಿ. ನಿಟ್ಟುಸಿರು ಬಿಟ್ಟು, ಒಂದು ಹಿಡಿ ಕೆಂಪು ಮಣ್ಣು ತೆಗೆದು ನನ್ನ ಗಾಯಕ್ಕೆ ಮೆತ್ತಿದರು.

ಅಂದಿನಿಂದ ಆ ತಿರುವಿನಲ್ಲಿ ಸೋಮ್ಲಾನಾಯ್ಕರು ಪೂರ್ತಿ ಎಡಕ್ಕೆ ಎಳೆಯುವುದನ್ನು ಬಿಟ್ಟರು. ಅರ್ಧ ತಿರುಗಿಸುವುದು, ನಿಲ್ಲಿಸುವುದು, ಹಿಂದಕ್ಕೆ ಬರುವುದು, ಮತ್ತೆ ತಿರುಗಿಸುವುದು. ನಾನೂ ಸುಮ್ಮನಿದ್ದೆ. ನನಗಾಗಿ ಗಾಡಿಯೇ ಬಾಗುತ್ತಿದೆ ಎಂದು ಹಿಗ್ಗಿದೆ ಎಂದರೂ ಸುಳ್ಳಲ್ಲ.

ಮೂರನೇ ತಿಂಗಳ ಒಂದು ಗುರುವಾರ ಜೀಪಿನಲ್ಲಿ ಹದಿಮೂರು ಜನ, ಎರಡು ಮೂಟೆ ಜೋಳ, ನೀಲಿ ಡಬ್ಬಿ. ತಿರುವಿನಲ್ಲಿ ಹಿಂದಕ್ಕೆ ಬರುವಾಗ ಹಿಂದಿನ ಗಾಲಿ ದಾರಿಯ ಅಂಚಿನ ಕಲ್ಲನ್ನು ತಳ್ಳಿತು. ಆ ಕಲ್ಲು ಹಳ್ಳಕ್ಕೆ ಉರುಳುವ ಸದ್ದು ಬಹಳ ಹೊತ್ತು ಕೇಳಿಸಿತು. ಹಿಂದೆ ಕೂತವರು ಕೂಗಿಕೊಂಡರು. ಸೋಮ್ಲಾನಾಯ್ಕರು ಬ್ರೇಕು ತುಳಿದು, ಮೆಲ್ಲಗೆ ಮುಂದಕ್ಕೆ ತಂದು ನಿಲ್ಲಿಸಿದರು.

ಸಿಸ್ಟರು ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡೇ ಇಳಿದರು. "ನಾಯ್ಕರ, ಐದು ವರ್ಷ ನಿಮ್ಮ ಗಾಡ್ಯಾಗ ಬಂದೀನಿ. ಒಂದ ಸಲಕ್ಕ ತಿರುಗತಿದ್ರಿ. ಈಗ್ಯಾಕ ಹಿಂದ ಮುಂದ?"

"ಏನಿಲ್ಲ ಸಿಸ್ಟರ್, ವಯಸ್ಸಾತು, ತೋಳಾಗ ಬಲ ಇಲ್ಲ."

"ಮೊನ್ನೆ ಎರಡು ಮೂಟೆ ಒಬ್ಬರ ಎತ್ತಿ ಹಾಕಿದ್ರಿ, ಅದು ಯಾರ ತೋಳು?"

ಸಿಸ್ಟರು ಗಾಡಿಯ ಸುತ್ತ ಒಂದು ಸುತ್ತು ಬಂದರು. ನನ್ನ ಬಲ ತುದಿಯ ಹತ್ತಿರ ಬಗ್ಗಿ, ಡಬ್ಬಿಯಿಂದ ಹತ್ತಿಯ ಉಂಡೆ ತೆಗೆದು, ಕೂಸಿನ ತೋಳು ಒರೆಸುವ ಹಾಗೆ ನನ್ನನ್ನು ಒರೆಸಿದರು. ಮೆತ್ತಿದ್ದ ಮಣ್ಣು ಹೋಯಿತು. ಕೆಂಪೂ ಉಳಿದಿರಲಿಲ್ಲ, ಬರೀ ಹೊಳೆಯುವ ಕಬ್ಬಿಣ.

ಸೋಮ್ಲಾನಾಯ್ಕರು ಎಲ್ಲವನ್ನೂ ಹೇಳಿದರು. ಆರು ತಿಂಗಳ ಮಾತು, ನಾಗವೇಣಿಯ ಉಳಿ, ಎಲ್ಲ. ಸಿಸ್ಟರು ಪೂರ್ತಿ ಕೇಳಿಸಿಕೊಂಡು ಕೇಳಿದರು, "ಸೂಜಿ ಹಾಕಿದ ಮ್ಯಾಲ ಕೂಸಿಗೆ ಬಾವು ಬಂತು ಅಂತ ಇಟಗೋರಿ. ಸಿಸ್ಟರಿಗೆ ಬ್ಯಾಸರ ಆದೀತು ಅಂತ ತಾಯಿ ಮುಚ್ಚಿಟ್ರ, ಅದು ನನಗ ಮಾಡಿದ ಉಪಕಾರೇನು?"

ಸೋಮ್ಲಾನಾಯ್ಕರು ತಲೆಯ ರುಮಾಲು ಬಿಚ್ಚಿ ಮುಖ ಒರೆಸಿಕೊಂಡರು. ಶುಕ್ರವಾರ ನಾವು ಹೊಸಪೇಟೆಯಲ್ಲಿದ್ದೆವು. ಸಿಸ್ಟರೂ ರಜೆ ಹಾಕಿ ಜೊತೆಗೆ ಬಂದಿದ್ದರು.

ಆಚಾರ್ಯರ ಕಣ್ಣಿನ ಪಟ್ಟಿ ಅಷ್ಟರಲ್ಲಿ ಬಿಚ್ಚಿತ್ತು. ನನ್ನ ಗಾಯವನ್ನು ಅವರು ದೂರದಿಂದಲೇ ಕಂಡರು. ಅರ್ಧ ಮಾಡಿದ್ದ ಗೇಟೊಂದನ್ನು ಎಳೆದು ನಾಗವೇಣಿಯ ಜಾಗದಲ್ಲಿ ಇಟ್ಟರು. ಅದೇ ಅವರ ಮಾತಾಯಿತು.

ನಾಗವೇಣಿ ಆ ಗೇಟಿನ ಕಡೆ ನೋಡಲಿಲ್ಲ. ಜೀಪಿನ ಸ್ಟೇರಿಂಗನ್ನು ಪೂರ್ತಿ ಎಡಕ್ಕೆ ಎಳೆದು, ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಎಡಕ್ಕೆ ತಿರುಗಿಸಿದರೆ ಬಲ ಗಾಲಿ ಮುಂದೆ ಬಂದು ಮೂತಿ ಒಳಕ್ಕೆ ಹಾಕುತ್ತದೆ, ಅದರ ಹೊರ ಭುಜ ನನ್ನ ಹತ್ತಿರಕ್ಕೆ ಬರುತ್ತದೆ. ಆದರೂ ನಡುವೆ ಎರಡು ಬೆರಳು ಜಾಗ ಸಲೀಸಾಗಿ ಇತ್ತು.

"ಎಲ್ಲಿ ತಾಗತೈತಿ? ತಾಗೂದೇ ಇಲ್ಲ!" ಅವಳು ಸಂದಿಗೆ ಎರಡು ಬೆರಳು ತೂರಿಸಿ ತೋರಿಸಿದಳು.

"ಹಂಗಾರ ನಾಯ್ಕ ಸುಳ್ಳು ಹೇಳ್ತಾನೇನು?" ಎಂದರು ಆಚಾರ್ಯರು.

ನಾಗವೇಣಿ ಎದ್ದು ನಿಂತಳು. "ಸೋಮ್ಲಣ್ಣ, ಬೆಟ್ಟದ ಮ್ಯಾಲ ತಾಗಿದಾಗ ಗಾಡ್ಯಾಗ ಎಷ್ಟು ಮಂದಿ ಇದ್ರು?"

"ಯಾವತ್ತೂ ಇರೋ ಅಷ್ಟ ತಂಗಿ. ಹನ್ನೆರಡೋ ಹದಿಮೂರೋ."

ಅವಳು ಹಣೆ ಹಣೆ ಹೊಡೆದುಕೊಂಡಳು. "ಅಯ್ಯೋ ನನ್ನ ಬುದ್ಧಿಯೇ! ಖಾಲಿ ಗಾಡಿಗೆ ಅಳತಿ ತಗೊಂಡೆನಲ್ಲ! ತೊಳದು, ಒರಸಿ, ದೇವರ ಹಂಗ ನಿಲ್ಲಿಸಿ ಅಳದೆ. ಗಾಡಿ ಹಂಗ ಓಡತೈತೇನು?"

ನಮ್ಮ ಜೀಪಿನ ಮುಂಗಾಲಿ ಕೂತಿರುವುದು ಕಮಾನು ಪಟ್ಟಿಯ, ಅಂದರೆ ಬಾಗಿದ ಉಕ್ಕಿನ ಸ್ಪ್ರಿಂಗಿನ ಮೇಲೆ. ಭಾರ ಬಿದ್ದರೆ ಪಟ್ಟಿಯ ಬಾಗು ಇಳಿದು ಚಪ್ಪಟೆಯಾಗುತ್ತದೆ. ಚಪ್ಪಟೆಯಾದಷ್ಟೂ ಉದ್ದವಾಗುತ್ತದೆ. ಉದ್ದವಾದಷ್ಟೂ ಗಾಲಿಯನ್ನು ಮುಂದೆ, ಅಂದರೆ ನನ್ನ ಕಡೆಗೇ ತಳ್ಳುತ್ತದೆ. ಜನರ ಭಾರದ ಜೊತೆಗೆ, ನಾನು ಮೆರೆಯುತ್ತಿದ್ದ ನನ್ನದೇ ಭಾರವೂ ಪಟ್ಟಿಯನ್ನು ಒತ್ತುತ್ತಿತ್ತು.

ನಾಗವೇಣಿ ರಸ್ತೆಗೆ ಓಡಿದಳು. "ಬರ್ರೀ, ಜೀಪು ಹತ್ತರೀ! ಎಲ್ಲಿಗೂ ಹೋಗೂದಿಲ್ಲ, ಸುಮ್ಮನ ಕೂಡ್ರಿ!" ಚಹಾ ಅಂಗಡಿಯಲ್ಲಿದ್ದವರು, ಪಂಕ್ಚರ್ ಅಂಗಡಿಯವರು, ಬಸ್ಸಿಗೆ ಕಾದಿದ್ದ ಮೂವರು ಹೆಂಗಸರು ನಗುತ್ತ ಹತ್ತಿದರು. "ಟಿಕೀಟು ಇಲ್ಲದ ಸವಾರಿ, ಕುಂದ್ರೂನು ಬರ್ರಿ" ಎಂದು ಒಬ್ಬಾಕೆ ಸೀರೆ ಸರಿಮಾಡಿಕೊಂಡು ಮುಂದೆಯೇ ಕೂತಳು. ಸಿಸ್ಟರು ತಮ್ಮ ಮಾಮೂಲಿ ಜಾಗದಲ್ಲಿ ಕೂತರು. ಹನ್ನೆರಡಾಯಿತು. "ಇನ್ನೊಬ್ಬರು ಬೇಕು" ಎಂದು ನಾಗವೇಣಿ ಅಪ್ಪನ ಕಡೆ ನೋಡದೆ ಹೇಳಿದಳು. ಆಚಾರ್ಯರು ಕೆಮ್ಮಿ, ಎದ್ದು ಬಂದು, ಹಿಂದಿನ ಹಲಗೆಯ ತುದಿಯಲ್ಲಿ ಬೇರೆಯವರ ಮನೆಗೆ ಬಂದವರಂತೆ ಕೂತರು.

ಬೆಟ್ಟದ ದಾರಿಯ ಉಬ್ಬಿನ ಬದಲಿಗೆ ಬಲ ಗಾಲಿಯನ್ನು ಒಂದು ಚಪ್ಪಡಿ ಕಲ್ಲಿನ ಮೇಲೆ ಹತ್ತಿಸಿ, ಟೈರಿಗೆ ಒದ್ದೆ ಸುಣ್ಣ ಬಳಿದರು. "ತಿರುಗಿಸಣ್ಣ." ಕಿರ್ರ್! ಸ್ಟೇರಿಂಗನ್ನು ಮತ್ತೆ ನೆಟ್ಟಗೆ ತಂದಾಗ ನನ್ನ ಬಲ ತುದಿಯಲ್ಲಿ ಚೌತಿ ಚಂದ್ರನ ಹಾಗೆ ಬಿಳಿಯ ಗೆರೆ ಮೂಡಿತ್ತು.

ಆ ಗೆರೆಯ ಮೇಲೆಯೇ ನನ್ನನ್ನು ಕತ್ತರಿಸಿದರು.

ಅದನ್ನು ಹೇಳುವಾಗ ಈಗ ಹೆಮ್ಮೆ ಎನಿಸುತ್ತದೆ, ಅವತ್ತು ಎನಿಸಲಿಲ್ಲ. ಗ್ಯಾಸ್ ಕಟರಿನ ಬೆಂಕಿ ತಾಗಿದಾಗ, ನನ್ನ ಅಗಲವೇ ನಾನು, ಅದು ಹೋದರೆ ಏನು ಉಳಿಯುತ್ತದೆ ಎಂದು ಚೀರಿದೆ. ನಾಗವೇಣಿಯೂ ಕನ್ನಡಕದೊಳಗೆ ಅಳುತ್ತಿದ್ದಳು. ಆ ಅಗಲ ಅವಳದೇ ಬುದ್ಧಿಯಲ್ಲವೇ? ಆದರೆ ಅವಳ ಕೈ ಅಲುಗಲಿಲ್ಲ. ತುದಿಯನ್ನು ಓರೆಯಾಗಿ ತೆಗೆದಳು. ತೆರೆದ ಬಾಯಿಗೆ ಪಟ್ಟಿ ಮುಚ್ಚಿ ಬೆಸೆದಳು. ಟೈರಿಗೆ ಗೀರು ಬೀಳದಂತೆ ಅಂಚನ್ನು ಉಜ್ಜಿ ನುಣುಪು ಮಾಡಿದಳು. ಆಮೇಲೆ ಎಡ ತುದಿಗೆ ಬಂದಳು.

"ಆ ಕಡೆ ತಾಗಿಲ್ಲಲ್ಲ?" ಎಂದರು ಆಚಾರ್ಯರು.

"ಆ ದಾರ್ಯಾಗ ಅಷ್ಟು ಬಿಗಿ ಬಲ ತಿರುವು ಇಲ್ಲ, ಅದಕ್ಕ ತಾಗಿಲ್ಲಪ್ಪ. ಸೋಮ್ಲಣ್ಣ ಯಾವತ್ತೂ ಒಂದ ದಾರಿ ಹಿಡೀತಾನೇನು?"

ಸೋಮ್ಲಾನಾಯ್ಕರು ಟೈರನ್ನೂ ಬದಲಿಸಿದರು. ಜನ ಮತ್ತೆ ಹತ್ತಿದರು. ಟೈರಿಗೆ ಮತ್ತೆ ಸುಣ್ಣ. ಸ್ಟೇರಿಂಗು ಎಳೆಯುವ ಹೊತ್ತಿಗೆ ಆಚಾರ್ಯರು "ತಡಿ" ಎಂದು ಹಲಗೆಯಿಂದ ಇಳಿದರು. ತಮ್ಮ ಜಾಗಕ್ಕೆ ಪಂಕ್ಚರ್ ಅಂಗಡಿಯವರ ದೊಡ್ಡ ಹೊಟ್ಟೆಯ ಅಣ್ಣನನ್ನು ಕೂರಿಸಿದರು. ಮುಂದೆ ಬಂದು ಮೊಣಕಾಲೂರಿ, ನನ್ನ ಮತ್ತು ಟೈರಿನ ನಡುವೆ ತಮ್ಮ ಬಲ ಅಂಗೈಯನ್ನು ನೆಟ್ಟಗೆ ಇಟ್ಟರು. ನಲವತ್ತು ವರ್ಷ ಕೆಲಸ ಮಾಡಿದ ಕೈ.

"ಅಪ್ಪ, ಕೈ ತಗಿ!"

"ಕೆಲಸ ನಂದಲ್ಲ, ನಿಂದು. ತಿರುಗಿಸಾಕ ಹೇಳು."

ನಾಗವೇಣಿ ಬಗ್ಗಿ ಆ ಸಂದನ್ನು ಇನ್ನೊಮ್ಮೆ ನೋಡಿದಳು. ಎದ್ದು ನಿಂತಳು. "ತಿರುಗಿಸು, ಸೋಮ್ಲಣ್ಣ."

ಟೈರು ಹೊರಳಿತು. ಬಂತು, ಇನ್ನೂ ಬಂತು, ನಿಂತಿತು. ನಾನು ನನ್ನ ಜನ್ಮದಲ್ಲಿ ಅಷ್ಟು ಹಿಂದೆ ಸರಿಯಬೇಕೆಂದು ಯಾವತ್ತೂ ಬಯಸಿರಲಿಲ್ಲ. ಆಚಾರ್ಯರು ಕೈ ಹೊರಗೆ ತೆಗೆದು ಬಿಸಿಲಿಗೆ ಹಿಡಿದು ಎರಡೂ ಕಡೆ ತಿರುಗಿಸಿ ನೋಡಿದರು. ಒಂದು ಚುಕ್ಕೆ ಸುಣ್ಣವೂ ಹತ್ತಿರಲಿಲ್ಲ.

ಒಳಗೆ ಹೋಗಿ ಎಣ್ಣೆಬಟ್ಟೆಯ ಗಂಟು ತಂದು ಮಗಳ ಕೈಗೆ ಕೊಟ್ಟರು.

"ತಿರುಗಿ ಬಂತಲ್ಲಪ್ಪ" ಎಂದಳು ಅವಳು.

"ಬಂತು. ನನ್ನ ಕೆಲಸಗಳೂ ಬಂದಿದ್ದುವು. ಕೆಲವಕ್ಕ ತಿರುಗಿ ಬರಾಕ ಗಾಡಿನ ಉಳೀಲಿಲ್ಲ." ಅಷ್ಟು ಹೇಳಿ ಆಚಾರ್ಯರು ಆ ಅರ್ಧ ಗೇಟನ್ನು ತಮ್ಮ ಜಾಗಕ್ಕೆ ಎಳೆದುಕೊಂಡು ತಾವೇ ಬೆಸೆಯಲು ಕೂತರು.

ನಾಗವೇಣಿ ಉಳಿಯನ್ನು ನನ್ನ ಬೆನ್ನಿಗೆ ಇಡಲಿಲ್ಲ. ಬಲ ತುದಿಯ ಹೊಸ ಓರೆಯ ಮೇಲೆ ಇಟ್ಟು ಒಂದೇ ಪೆಟ್ಟು ಹೊಡೆದಳು.

ಅದಾದ ಮೇಲೆ ಹದಿನಾಲ್ಕು ವರ್ಷ ನಾನು ಆ ಬೆಟ್ಟ ಹತ್ತಿದೆ. ಉರುಳಿ ಬಂದ ಕಲ್ಲಿಗೆ ಮೈ ಒಡ್ಡಿದೆ, ದಾರಿಗೆ ಬಿದ್ದ ಮರ ತಳ್ಳಿದೆ, ಕೆಸರಿನಲ್ಲಿ ಹೂತುಕೊಂಡ ಲಾರಿಯೊಂದನ್ನು ಎಳೆದೆ. ಎಡ ತಿರುವಿನಲ್ಲಿ ಒಂದೇ ಸಲಕ್ಕೆ ತಿರುಗಿದೆವು. ಸಿಸ್ಟರು ಚುಚ್ಚಿದ ಕೂಸುಗಳು ಬೆಳೆದು, ಪುಸ್ತಕದ ಚೀಲ ಹೊತ್ತು ಹೈಸ್ಕೂಲಿಗೆ ಅದೇ ಜೀಪು ಹತ್ತಿದವು. ಕೊನೆಗೆ ತಾಂಡಾಕ್ಕೆ ಡಾಂಬರು ಬಂತು, ಬಸ್ಸು ಬಂತು, ಸೋಮ್ಲಾನಾಯ್ಕರು ಜೀಪನ್ನು ಗುಜರಿಗೆ ಕೊಟ್ಟರು. ಗುಜರಿಯಲ್ಲಿ ತುಕ್ಕಿನ ರಾಶಿಯ ಕೆಳಗೆ ಮೂರು ದಿನ ಬಿದ್ದಿದ್ದೆ. ನಾಲ್ಕನೇ ದಿನ ಒಂದು ಕೈ ನನ್ನ ಓರೆಯನ್ನು ತಡವುತ್ತಾ ಬಂತು. ಹೆಡೆಯ ಮೇಲೆ ನಿಂತಿತು. "ಸಿಕ್ಕತು" ಎಂದಳು ನಾಗವೇಣಿ. ಅವಳ ತಲೆಯಲ್ಲೂ ಆಗ ಒಂದೆರಡು ಬಿಳಿ ಕೂದಲು.

ಈಗ ನಾನು ಅವಳ ಶೆಡ್ಡಿನ ಗೋಡೆಗೆ ಒರಗಿ ನಿಂತಿದ್ದೇನೆ. ಆಚಾರ್ಯರಿಲ್ಲ. "ಈ ಹಳೇ ಕಬ್ಬಿಣ ಯಾಕ ಇಟ್ಟೀರಿ, ತೂಕಕ್ಕ ಹಾಕ್ರಿ" ಎಂದು ಗಿರಾಕಿಗಳು ಹೇಳುತ್ತಾರೆ. "ಅದು ನನ್ನ ಅಳತೆಗೋಲು, ಕೈ ಹಚ್ಚಬ್ಯಾಡ್ರಿ" ಎನ್ನುತ್ತಾಳೆ. ಹೊಸ ಬಂಪರಿನ ರಟ್ಟನ್ನು ಅವಳು ಮೊದಲು ನನ್ನ ಮೇಲೆ ಇಟ್ಟು ನೋಡುತ್ತಾಳೆ. ನಾನು ಇರುವ ಕಡೆಗಲ್ಲ, ನನ್ನನ್ನು ಕತ್ತರಿಸಿ ತೆಗೆದ ಕಡೆಗೆ ಅವಳ ಸೀಸದ ಕಡ್ಡಿ ಹೋಗುತ್ತದೆ. ಆಮೇಲೆ ರಸ್ತೆಗೆ ಹೋಗಿ ಜನರನ್ನು ಕರೆಯುತ್ತಾಳೆ. ಹದಿಮೂರು ಮಂದಿ ಹತ್ತಿ ಕೂತ ಮೇಲೆ, ಮೊಣಕಾಲೂರಿ, ಟೈರಿಗೂ ಹೊಸ ಕಬ್ಬಿಣಕ್ಕೂ ನಡುವೆ ತನ್ನ ಅಂಗೈಯನ್ನು ನೆಟ್ಟಗೆ ಇಟ್ಟು ಹೇಳುತ್ತಾಳೆ, "ಹೂಂ, ತಿರುಗಿಸ್ರಿ."