ಕರಡಿಗೆ ಹಾಕಿದ ಹಾರ

ಹೊಟ್ಟೆಕಿಚ್ಚು ಯಾರಿಗಿಲ್ಲ ಹೇಳಿ? ಆದರೆ ಪುರವರದ ಶಂಕರಲಿಂಗಪ್ಪನದು ಅಂತಿಂಥದ್ದಲ್ಲ. ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಹೊತ್ತಿಕೊಂಡರೆ ರಾತ್ರಿ ಹಾಸಿಗೆ ಸೇರಿದರೂ ಆರದು. ಅದಕ್ಕೆಲ್ಲ ಕಾರಣ ಒಬ್ಬನೇ, ತಿಮ್ಮರಾಜು. ಅದೇ ಊರು, ಅದೇ ವಯಸ್ಸು, ಒಂದೇ ಬೆಂಚಿನಲ್ಲಿ ಕೂತು ಮೇಷ್ಟ್ರ ಏಟು ತಿಂದವರು. ಮುಂದೆ ಶಂಕರಲಿಂಗಪ್ಪ ಹಿಟ್ಟಿನ ಮಿಲ್ಲು ಇಟ್ಟ, ತಿಮ್ಮರಾಜು ಹಾಲಿನ ಡೈರಿಗೆ ಸೆಕ್ರೆಟರಿಯಾದ. ಅದರಲ್ಲೇನೂ ತಕರಾರಿರಲಿಲ್ಲ. ತಕರಾರೆಲ್ಲ ನಾಟಕದ್ದು.

ಊರಿನ ಪೌರಾಣಿಕ ನಾಟಕದಲ್ಲಿ ರಾಜಪಾರ್ಟು ಯಾವಾಗಲೂ ತಿಮ್ಮರಾಜುವಿನದೇ. ಕೆಂಪಗೆ, ತೆಳ್ಳಗೆ, ತಿದ್ದಿದ ಮೀಸೆ. ಕಿರೀಟ ಅವನ ತಲೆಯ ಅಳತೆ ತೆಗೆದೇ ಮಾಡಿದಂತೆ ಕೂರುತ್ತಿತ್ತು. ರಾಕ್ಷಸನ ಪಾರ್ಟು ಶಂಕರಲಿಂಗಪ್ಪನದು. ಆಳು ದಪ್ಪ, ಹೆಜ್ಜೆ ಭಾರ, ಒಮ್ಮೆ ಅಬ್ಬರಿಸಿದನೆಂದರೆ ಕೊನೆಯ ಸಾಲಿನ ಕೂಸುಗಳೂ ಕಿಟಾರನೆ ಕಿರುಚಬೇಕು. ನಿಜ ಹೇಳಬೇಕೆಂದರೆ ಜನ ಬರುತ್ತಿದ್ದದ್ದೇ ರಾಕ್ಷಸನನ್ನು ನೋಡಲು. ಆದರೆ ಹಾರ ಬೀಳುತ್ತಿದ್ದದ್ದು ಮಾತ್ರ ರಾಜನ ಕೊರಳಿಗೆ. ಈ ಕಡೆಯ ನಾಟಕ ನೋಡಿದವರಿಗೆ ಗೊತ್ತು, ಪಾರ್ಟು ಮಾಡುವವನು ಸ್ಟೇಜಿಗೆ ಬಂದದ್ದೇ ತಡ, ಹೆಂಡತಿ, ಬೀಗರು, ನೆಂಟರು ಎಲ್ಲ ಆಟವನ್ನು ಅಲ್ಲೇ ನಿಲ್ಲಿಸಿ, ಮೇಲೆ ಹತ್ತಿ ಹಾರ ಹಾಕುತ್ತಾರೆ. ರಾಕ್ಷಸನಿಗೆ ಹಾಗೆ ಹಾಕುವಂತಿಲ್ಲ. ಅದು ಸಾಯುವ ಪಾರ್ಟು. ಸಾಯುವವನ ಕೊರಳಿಗೆ ಹೂವು ಹಾಕಿದರೆ ಅದಕ್ಕೆ ಏನರ್ಥ ಬರುತ್ತದೆಂದು ಬಿಡಿಸಿ ಹೇಳಬೇಕೇ? ಶಂಕರಲಿಂಗಪ್ಪನ ಹೆಂಡತಿ ಚಿಕ್ಕಹನುಮಕ್ಕ ತೆಲುಗು ಗಡಿಯ ನಾಗಲಮಡಿಕೆ ಕಡೆಯವಳು, ಇಂಥದ್ದರಲ್ಲೆಲ್ಲ ಬಲು ಗಟ್ಟಿ. ಒಂದು ಸಲ ಅವನು ನಾಚಿಕೆ ಬಿಟ್ಟು ಕೇಳಿಯೇ ಬಿಟ್ಟಿದ್ದ.

"ಒಂದೇ ಒಂದ್ ಹಾರ ಹಾಕ್ಬುಡೇ ಹನುಮಿ, ಏನೂ ಆಗಕಿಲ್ಲ."

"ಅಯ್ಯೋ ದೇವುಡಾ! ಸಾಯೋ ಪಾರ್ಟ್‌ಗೆ ಹಾರ ಹಾಕಿ ನನ್ ತಾಳಿಗೆ ನಾನೇ ಕುತ್ತು ತಂದ್ಕಳ್ಳಾ? ಚಾಲು, ಸಾಕು ಸುಮ್ಕಿರ್ರಿ!" ಎಂದಿದ್ದಳು.

ಹೀಗಾಗಿ ಪ್ರತಿ ನಾಟಕದಲ್ಲೂ ಅವನು ಪರದೆಯ ಮರೆಯಲ್ಲಿ ಕೋರೆಹಲ್ಲು ಕಚ್ಚಿಕೊಂಡು ನಿಂತು, ತಿಮ್ಮರಾಜುವಿನ ಕೊರಳಲ್ಲಿ ಹಾರದ ಮೇಲೆ ಹಾರ ಏರಿ ಕಿವಿ ಮುಚ್ಚುವುದನ್ನು ನೋಡುತ್ತಿದ್ದ. ನೋಡಿ ನೋಡಿ ಕರುಳು ಸುಟ್ಟುಹೋಗಿತ್ತು. ಒಂದು ಹಾರ, ಹೆಂಡತಿಯ ಕೈಯಿಂದ, ಆ ತಿಮ್ಮ ನೋಡುತ್ತಿರುವಾಗ. ಅವನಿಗೆ ಬೇಕಿದ್ದುದು ಇಷ್ಟೇ.

ಹೀಗಿರುವಾಗ ಸಿನಿಮಾದವರು ಬಂದರು. ಮಧುಗಿರಿ ಬೆಟ್ಟದಲ್ಲಿ, ಮನೆಮಂದಿಯೆಲ್ಲ ಮಕ್ಕಳುಮರಿ ಕಟ್ಟಿಕೊಂಡು ಹೋಗಿ ನೋಡುವಂಥ ಸಿನಿಮಾ ತೆಗೆಯುತ್ತಾರಂತೆ, 'ಜೇನ್‌ಬಾವಿ' ಅಂತ ಹೆಸರಂತೆ. ಒಬ್ಬ ತಾತ, ಅವನ ಮೊಮ್ಮಗಳು, ಒಂದು ಮೂಕ ಕರಡಿ, ಮೂವರೂ ಕೋಟೆಯ ಬಂಡೆಸಂದಿಯಲ್ಲಿ ನುಸುಳಿ ಪಾತಾಳದ ಜೇನಿನ ಬಾವಿಯನ್ನು ಹುಡುಕಿಕೊಂಡು ಹೋಗುವ ಕತೆ. ತಾತ, ಮೊಮ್ಮಗಳು ನಿಜವಾದ ಮನುಷ್ಯರು. ಕರಡಿ, ಪಾತಾಳ, ಅಲ್ಲಿನ ರೆಕ್ಕೆಯ ಮೀನು ಎಲ್ಲ ಕಂಪ್ಯೂಟರಿನಲ್ಲಿ ಬಿಡಿಸುವ ಕಾರ್ಟೂನು. ಡೈರೆಕ್ಟರ್ ಗೌರೀಶ್ ಕೊರಟಗೆರೆಯಲ್ಲಿ ಇವರ ನಾಟಕ ನೋಡಿ, ಮುಗಿದ ಮೇಲೆ ಬಣ್ಣದ ಕೋಣೆಗೇ ಬಂದ.

"ತಾತನ ಪಾರ್ಟು ನೀವೇ ಮಾಡಬೇಕು ಸರ್," ಎಂದು ತಿಮ್ಮರಾಜುವಿನ ಕೈ ಹಿಡಿದುಕೊಂಡ.

ಬಂತಲ್ಲಪ್ಪ! ನಾಟಕದಲ್ಲೂ ಇವನೇ, ಸಿನಿಮಾದಲ್ಲೂ ಇವನೇ. ಶಂಕರಲಿಂಗಪ್ಪ ಮುಖದ ಬಣ್ಣವನ್ನು ಚರ್ಮ ಕಿತ್ತುಬರುವ ಹಾಗೆ ಉಜ್ಜತೊಡಗಿದ. ಅಷ್ಟರಲ್ಲಿ ಗೌರೀಶ್ ಇವನ ಕಡೆ ತಿರುಗಿದ. "ಸರ್, ನೀವು ಕರಡಿ ಆಗ್ತೀರಾ? ನೀವು ಆಡಿದ್ದರ ಮೇಲೆ ಕಂಪ್ಯೂಟರಿನಲ್ಲಿ ಕರಡಿ ಬಿಡಿಸ್ತೀವಿ. ನಿಮ್ಮ ನಡಿಗೆ ನೋಡಿದ ಮೇಲೆ ನನಗೆ ಬೇರೆ ಯಾರೂ ಬೇಡ."

ಶಂಕರಲಿಂಗಪ್ಪ ಒಂದೇ ಪ್ರಶ್ನೆ ಕೇಳಿದ. "ಕೊನೇಲಿ ಕರಡಿ ಸಾಯ್ತದಾ?"

"ಛೆ, ಇಲ್ಲ ಸರ್! ಕರಡೀನೇ ಎಲ್ಲರನ್ನೂ ಉಳಿಸೋದು."

ಅವನು ಮನೆಗೆ ಹಾರಿಕೊಂಡೇ ಬಂದ. "ಹನುಮಿ, ಸಾಯ್ದೆ ಇರೋ ಪಾರ್ಟು ಸಿಕ್ತು ಕಣೇ! ಇನ್ನೇನ್ ನೆಪ ಹೇಳ್ತೀಯ ಹೇಳು!"

"ಈ ಸಲ ಹಾಕ್ತೀನಿ," ಎಂದಳು ಚಿಕ್ಕಹನುಮಕ್ಕ. "ಮಾರುದ್ದದ್ದು ಹಾಕ್ತೀನಿ, ಸರಿಯಾ?"

ಶೂಟಿಂಗಿನಲ್ಲಿ ತಿಮ್ಮರಾಜುವಿಗೆ ಜರಿಪಂಚೆ, ರುಮಾಲು, ಕೂರಲು ಕುರ್ಚಿ, ನೆತ್ತಿಗೆ ಕೊಡೆ. ಶಂಕರಲಿಂಗಪ್ಪನಿಗೆ ಮೈಗಂಟುವ ಒಂದು ಬೂದುಬಣ್ಣದ ಬಟ್ಟೆ, ಅದರ ತುಂಬ ಬಿಳಿ ಚುಕ್ಕಿ, ಮುಖದ ಮೇಲೂ ಚುಕ್ಕಿ. ತಲೆಗೆ ಹೆಲ್ಮೆಟ್ಟಿನಂಥದ್ದೊಂದು, ಅದರಿಂದ ಮುಂದಕ್ಕೆ ಚಾಚಿದ ಕಡ್ಡಿಯ ತುದಿಯಲ್ಲಿ ಮೂಗಿಗೆ ಎದುರಾಗಿ ಒಂದು ಪುಟ್ಟ ಕ್ಯಾಮೆರಾ.

"ಏನ್ಲಾ ಶಂಕ್ರ, ಸಿಡುಬು ಎದ್ದೋನಂಗೆ ಕಾಣ್ತೀಯಲ್ಲೋ!" ತಿಮ್ಮರಾಜು ಹೊಟ್ಟೆ ಹಿಡಿದುಕೊಂಡು ನಕ್ಕ.

"ನಗು, ನಗು. ನನ್ ಮಕುಕ್ಕೇ ಅಂತ ಬ್ಯಾರೆ ಕ್ಯಾಮ್ರಾ ಕಟ್ಟವ್ರೆ. ನಿಂಗೈತೇನ್ಲಾ?"

ತಿಮ್ಮರಾಜುವಿನ ನಗು ಅರ್ಧಕ್ಕೇ ನಿಂತಿತು. ಆ ದಿನ ಶಂಕರಲಿಂಗಪ್ಪ ಎರಡು ಮುದ್ದೆ ಹೆಚ್ಚಿಗೆ ಉಂಡ.

ಮುಖಕ್ಕೇ ಕ್ಯಾಮೆರಾ ಇದ್ದ ಮೇಲೆ ಮುಖ ತೋರಿಸದೆ ಇರುತ್ತಾರೆಯೇ? ನಾಟಕದಲ್ಲೂ ಹೀಗೇ ಅಲ್ಲವೇ? ಬಣ್ಣ, ಕೋರೆಹಲ್ಲು, ಕೆದರಿದ ಕೂದಲಿನ ಹಿಂದೆ ಇರುವ ರಾಕ್ಷಸ ಯಾರೆಂದು ಹೆತ್ತ ತಾಯಿಗೂ ಗೊತ್ತಾಗುವುದಿಲ್ಲ. ಆದರೆ ಕೊನೆಗೆ ಮಂಗಳ ಹಾಡುವಾಗ ಎಲ್ಲರೂ ಸಾಲಾಗಿ ನಿಂತು ಕಿರೀಟ, ಕೋರೆಹಲ್ಲು ತೆಗೆಯುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ಒಬ್ಬೊಬ್ಬರ ಹೆಸರೂ ಕೂಗಿ ಹೇಳುತ್ತಾರೆ. ಸಿನಿಮಾ ಅಂದರೂ ಆಟವೇ ತಾನೆ, ಮಂಗಳವಿಲ್ಲದ ಆಟ ಎಲ್ಲಿದೆ? ಅವನು ಯಾರನ್ನೂ ಕೇಳಲು ಹೋಗಲಿಲ್ಲ. ಮಿಲ್ಲಿಗೆ ರಾಗಿ ಬೀಸಿಸಲು ಬಂದವರಿಗೆಲ್ಲ ಮೊದಲೇ ಹೇಳಿಟ್ಟ, "ಕೊನೇವರ್ಗೂ ಎದ್ದೋಗ್ಬ್ಯಾಡಿ ಕಣ್ರಪ್ಪಾ, ಕೊನೇಲೇ ನಾನು ಬರೋದು."

ಅಷ್ಟಕ್ಕೇ ಸುಮ್ಮನಾದನೇ? ಇಲ್ಲ. ತಿಮ್ಮರಾಜು ಮಾತಾಡುತ್ತಿರುವಾಗ ಜನ ತನ್ನನ್ನೇ ನೋಡಲಿ ಎಂದು, ಮಾತಿನ ನಡುವೆ ಹೆಗಲ ಮೇಲಿಲ್ಲದ ಟವಲನ್ನು ಕೊಡವಿ ಮತ್ತೆ ಹೆಗಲಿಗೆ ಹಾಕಿಕೊಳ್ಳುವ ಹಾಗೆ ಮಾಡುತ್ತಿದ್ದ. ಅದು ಅವನ ಹುಟ್ಟುಗುಣ, ಮಿಲ್ಲಿನ ಹಿಟ್ಟು ಕೊಡವಿ ಕೊಡವಿ ಬಂದದ್ದು. ಗೌರೀಶ್ ಮೊದಲು ಬೇಡವೆಂದ, ಆಮೇಲೆ ನಕ್ಕು, "ಇರಲಿ ಬಿಡಿ ಸರ್, ಚೆನ್ನಾಗಿದೆ," ಎಂದ.

ಕಷ್ಟವಾದದ್ದು ಮದಲೂರು ಕೆರೆ ಏರಿಯ ಮೇಲೆ. ತಾತ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕತೆ ಹೇಳುತ್ತಿರುತ್ತಾನೆ, ಕರಡಿ ದೂರದಲ್ಲಿ ನಿಂತು ನೋಡುತ್ತಿರಬೇಕು. "ಕರಡಿಗೆ ತಾತ ಅಂದ್ರೆ ಪ್ರಾಣ ಸರ್. ಆ ಅಕ್ಕರೆಯೆಲ್ಲ ಕಣ್ಣಲ್ಲಿ ಬರಬೇಕು," ಎಂದ ಗೌರೀಶ್. ತಿಮ್ಮನ ಮೇಲೆ ಅಕ್ಕರೆ! ಎಲ್ಲಿಂದ ತರುವುದು? ಕಣ್ಣು ಹಿಗ್ಗಿಸಿದ, ಕಿರಿದು ಮಾಡಿದ. ಏನೂ ಬರಲಿಲ್ಲ. ಅಷ್ಟರಲ್ಲಿ ಶೂಟಿಂಗ್ ನೋಡಲು ಬಂದಿದ್ದ ಮದಲೂರಿನವರು ಯಾರೋ ಒಂದು ಹಾರ ತಂದು, ಬಿಡುವಿನಲ್ಲಿ ಕೂತಿದ್ದ ತಿಮ್ಮರಾಜುವಿನ ಕೊರಳಿಗೆ ಹಾಕಿ ಚಪ್ಪಾಳೆ ತಟ್ಟಿದರು. ಇಲ್ಲೂ ಹಾರ! ಚಪ್ಪಾಳೆ ತಣ್ಣಗಾಗಿ ಹಾರ ತೆಗೆಸಿ ಕ್ಯಾಮೆರಾ ಓಡಿಸುವಾಗ, ಇಷ್ಟು ವರ್ಷ ಪರದೆಯ ಹಿಂದೆ ನುಂಗಿಕೊಂಡದ್ದೆಲ್ಲ ಶಂಕರಲಿಂಗಪ್ಪನ ಕಣ್ಣಿಗೆ ಬಂದು ನಿಂತಿತು. ತುಟಿ ನಡುಗಿತು. ಕಣ್ಣಲ್ಲಿ ನೀರೇ ಬಂತು.

"ಓಕೆ! ಸೂಪರ್ ಸರ್!" ಗೌರೀಶ್ ತಾನೂ ಕಣ್ಣೊರೆಸಿಕೊಂಡ.

ಇವನಿಗೆ ಏನು ಗೊತ್ತಾಗುತ್ತದೆ ಮಣ್ಣು, ಎಂದುಕೊಂಡ ಶಂಕರಲಿಂಗಪ್ಪ.

ಸಿನಿಮಾ ಶಿರಾದಲ್ಲಿ ಬಿಡುಗಡೆಯಾಯಿತು. ಪುರವರದಿಂದ ಟೆಂಪೋ ಮಾಡಿಕೊಂಡು ಹೊರಟರು. ಚಿಕ್ಕಹನುಮಕ್ಕ ಮಾರುದ್ದದ ಸೇವಂತಿಗೆ ಹಾರವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಹಸುಗೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಥಿಯೇಟರಿನ ಬಾಗಿಲಲ್ಲಿ ಆಳೆತ್ತರದ ರಟ್ಟಿನ ಕರಡಿ ನಿಲ್ಲಿಸಿದ್ದರು. ಶಂಕರಲಿಂಗಪ್ಪ ಅದರ ಕಡೆ ತಿರುಗಿಯೂ ನೋಡಲಿಲ್ಲ. ಅವನ ಕಣ್ಣೆಲ್ಲ ಮುಂದಿನ ಸಾಲಿನಲ್ಲಿ ಹೊಸ ಶರ್ಟು ತೊಟ್ಟು ಕೂತಿದ್ದ ತಿಮ್ಮರಾಜುವಿನ ಮೇಲೆ.

ಪರದೆಯ ಮೇಲೆ ತಿಮ್ಮರಾಜು ಬಂದ. ಅವನ ಕಡೆಯವರು ಶಿಳ್ಳೆ ಹಾಕಿದರು, ಎದ್ದು ಹೋಗಿ ಮುಂದಿನ ಸಾಲಿನಲ್ಲಿದ್ದ ಅವನ ಕೊರಳಿಗೆ ಹಾರ ಹಾಕಿದರು, ಒಬ್ಬನಂತೂ ಪರದೆಗೇ ಕುಂಕುಮ ಹಚ್ಚಲು ಹೋಗಿ ಬೈಸಿಕೊಂಡ. ಆಮೇಲೆ ಕರಡಿ ಬಂತು. ಕಪ್ಪಗೆ, ದಪ್ಪಗೆ, ಮೂತಿಯಿಂದ ಜೇನು ತೊಟ್ಟಿಕ್ಕಿಸಿಕೊಂಡು, ಭಾರವಾದ ಹೆಜ್ಜೆ ಇಟ್ಟು ಬಂದು, ಇಲ್ಲದ ಟವಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡಿತು. ಮಕ್ಕಳು ಕೇಕೆ ಹಾಕಿದವು. ಶಂಕರಲಿಂಗಪ್ಪನಿಗೆ ಅದರ ಖಬರೇ ಇಲ್ಲ. ತಿಮ್ಮನ ಮುಖ ಎಷ್ಟು ಸಲ ದೊಡ್ಡದಾಗಿ ಬಂತೆಂದು ಹಲ್ಲು ಕಡಿಯುವುದರಲ್ಲೇ ಅವನು ಮುಳುಗಿದ್ದ.

ಕೆರೆ ಏರಿಯ ಮೇಲೆ ಕರಡಿ ನಿಂತು ತಾತನನ್ನು ನೋಡುವ ದೃಶ್ಯ ಬಂತು. ಹಿಂದಿನ ಸಾಲಿನಲ್ಲಿ ಒಬ್ಬಾಕೆ ಮೂಗು ಸೀಟಿಕೊಂಡಳು. "ಪಾಪ, ಎಷ್ಟ್ ಅಕ್ಕರೆ ನೋಡಮ್ಮ ಆ ಕರಡಿಗೆ!" ಸುತ್ತಮುತ್ತ ಹೆಂಗಸರೆಲ್ಲ ಕಣ್ಣೊರೆಸಿಕೊಳ್ಳುತ್ತಿದ್ದರೆ, ಚಿಕ್ಕಹನುಮಕ್ಕ ಒಬ್ಬಳೇ ಬಾಯಿಗೆ ಸೆರಗು ತುರುಕಿಕೊಂಡು ಮೈ ಕುಲುಕುವ ಹಾಗೆ ನಗುತ್ತಿದ್ದಳು.

"ಏನೇ ನಗಾಡ್ತೀಯ?"

"ಸುಮ್ಕೆ ಸಿನ್ಮಾ ನೋಡ್ರಿ."

ಕೊನೆಗೆ ಕರಡಿ ತಾತನನ್ನೂ ಮೊಮ್ಮಗಳನ್ನೂ ಬೆನ್ನ ಮೇಲೆ ಹೊತ್ತು ಮೇಲೆ ತಂದು ಬಿಟ್ಟು, ಒಂದು ಸಲ ತಿರುಗಿ ನೋಡಿ, ಬಂಡೆಸಂದಿಯಲ್ಲಿ ಮರೆಯಾಯಿತು. ಹಾಡು ಶುರುವಾಯಿತು. ಪರದೆಯ ಮೇಲೆ ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರಗಳು ಮೇಲಕ್ಕೆ ಹರಿಯತೊಡಗಿದವು. ಜನ ಏಳಲು ಶುರುಮಾಡಿದರು.

"ಕೂತ್ಕಳ್ರೋ! ಎಲ್ಗೋಯ್ತೀರಾ? ಮಂಗಳ ಆಗಿಲ್ಲ ಇನ್ನಾ! ಈಗ ಮಕ ತೋರುಸ್ತಾರೆ!" ಶಂಕರಲಿಂಗಪ್ಪ ರಾಕ್ಷಸನ ದನಿಯಲ್ಲಿ ಕೂಗಿದ. ಪುರವರದವರು ಮಾತಿಗೆ ಬೆಲೆ ಕೊಟ್ಟು ಕೂತರು. ಅಕ್ಷರ ಹರಿದವು, ಹರಿದವು, ನಿಂತವು. ಪರದೆ ಬೆಳ್ಳಗಾಯಿತು. ಲೈಟು ಹತ್ತಿದವು. ಕಸ ಗುಡಿಸುವವನು ಪೊರಕೆ ಹಿಡಿದು ಬಂದು, "ಆಗೋಯ್ತು ಸಾಬ್, ಖತಂ. ಎದ್ದೇಳಿ," ಎಂದ.

ಪುರವರದವರು ಅವನ ಮುಖ ನೋಡದೆ ಒಬ್ಬೊಬ್ಬರೇ ಹೊರಗೆ ಹೋದರು. ಹಾಗೆ ನೋಡದೆ ಹೋದದ್ದೇ ಅವನಿಗೆ ಹೆಚ್ಚು ಚುಚ್ಚಿತು. ಇಡೀ ಸಿನಿಮಾದಲ್ಲಿ ತನ್ನ ಒಂದು ರೋಮವೂ ಇರಲಿಲ್ಲ. ಮುಖಕ್ಕೆ ಕಟ್ಟಿದ್ದ ಆ ಕ್ಯಾಮೆರಾ ಏನನ್ನು ತೆಗೆಯಿತು ಹಾಗಾದರೆ? ಪಕ್ಕಕ್ಕೆ ತಿರುಗಿದ. ಚಿಕ್ಕಹನುಮಕ್ಕ ಇರಲಿಲ್ಲ, ಹಾರವೂ ಇರಲಿಲ್ಲ. ಮುಖ ಕಾಣಿಸದ ಗಂಡನಿಗೆ ಹಾರ ಯಾಕೆಂದು ಆ ತಿಮ್ಮನಿಗೇ ಹಾಕಿಬಿಟ್ಟಳೇ? ಆ ಯೋಚನೆ ಬಂದದ್ದೇ ಅವನು ಕುರ್ಚಿಗಳನ್ನು ಎಡವಿಕೊಂಡು ಹೊರಗೆ ಓಡಿದ.

ಬಾಗಿಲಲ್ಲಿ ಜಾತ್ರೆಯಂಥ ಗದ್ದಲ. ತಿಮ್ಮರಾಜು ಕೊರಳ ತುಂಬ ಹಾರ ಹಾಕಿಕೊಂಡು ಫೋಟೋಗೆಂದು ಮೀಸೆ ತೀಡಿ ನಿಂತಿದ್ದ. ಆದರೆ ನಿಂತದ್ದು ರಟ್ಟಿನ ಕರಡಿಯ ಮುಂದೆ. "ತಾತ, ಒಸಿ ಪಕ್ಕಕ್ಕೆ ಬನ್ನಿ, ಕರಡಿ ಕಾಣಲ್ಲ!" ಎಂದು ಒಂದು ಹುಡುಗಿ ಅವನನ್ನು ತಳ್ಳಿತು. ಮಕ್ಕಳೆಲ್ಲ ಕರಡಿಯ ಕಾಲು ತಬ್ಬಿಕೊಂಡು ನಿಂತಿದ್ದವು, ಇಲ್ಲದ ಟವಲು ಕೊಡವಿ ಕೊಡವಿ ಹೆಗಲಿಗೆ ಹಾಕಿಕೊಳ್ಳುತ್ತಿದ್ದವು. ಅವುಗಳ ನಡುವೆ, ತುದಿಗಾಲಲ್ಲಿ ನಿಂತು, ಚಿಕ್ಕಹನುಮಕ್ಕ ಮಾರುದ್ದದ ಸೇವಂತಿಗೆ ಹಾರವನ್ನು ಕರಡಿಯ ಕೊರಳಿಗೆ ಹಾಕುತ್ತಿದ್ದಳು.

"ಲೇ ಹನುಮಿ! ಕಟ್ಕಂಡ್ ಗಂಡ ಇಲ್ಲಿ ನಿಂತವ್ನೆ, ರಟ್ಟಿಗೆ ಹಾಕ್ತೀಯಲ್ಲೇ!"

"ರಟ್ಟೇನು ರಟ್ಟು! ಅದು ಹೆಗ್ಲು ಕೊಡವ್ತಲ್ಲ, ಆಗ್ಲೇ ಗೊತ್ತಾಯ್ತು ನಂಗೆ." ಅವಳು ಹತ್ತಿರ ಬಂದು ದನಿ ತಗ್ಗಿಸಿದಳು. "ಕೆರೆ ಏರಿ ಮ್ಯಾಲೆ ನೋಡ್ತಲ್ಲ, ಜನ ಎಲ್ಲ ಅಕ್ಕರೆ ಅಕ್ಕರೆ ಅಂತ ಗೋಳೋ ಅಂದ್ರು. ಅದು ಅಕ್ಕರೇನಾ? ಇಷ್ಟ್ ವರ್ಸ ಸಂಸಾರ ಮಾಡಿಲ್ವಾ ನಾನು, ಆ ಹೊಟ್ಟೆಉರಿ ಕಣ್ಣು ನಂಗೊತ್ತಾಗಲ್ವಾ?"

"ಗೊತ್ತಾದ್ಮ್ಯಾಕೆ ನನ್ ಕೊರಳಿಗಾಕ್ಬೇಕಿತ್ತು!"

"ಅದೆಂಗಾಯ್ತದೆ? ಹಾರ ಹಾಕೋದು ಪಾರ್ಟ್‌ಗೆ. ಬಣ್ಣ ತೊಳ್ಕಂಡ್ ಬಂದ್ಮ್ಯಾಲೆ ಯಾರಾರ ಹಾಕವ್ರಾ? ನೀವೇ ಹೇಳ್ರಿ."

ಅದು ಸರಿ. ನಾಟಕದವನಿಗೆ ಅದು ಗೊತ್ತಿದ್ದ ಮಾತೇ. ಕೇಳಿದ್ದೆಲ್ಲ ಸಿಕ್ಕಿತ್ತು. ಹಾರ, ಹೆಂಡತಿಯ ಕೈಯಿಂದ, ತಿಮ್ಮ ನೋಡುತ್ತಿರುವಾಗಲೇ. ಕೊರಳು ಮಾತ್ರ ಬೇರೆಯವರದು. ಮಕ್ಕಳ ನಡುವೆ, ಸೇವಂತಿಗೆಯ ಮೇಲೆ ಹಲ್ಲು ಕಿರಿದುಕೊಂಡು ನಿಂತಿದ್ದ ಆ ಕರಡಿಯನ್ನು ನೋಡುತ್ತಿದ್ದಂತೆ ಶಂಕರಲಿಂಗಪ್ಪನ ಹೊಟ್ಟೆಯಲ್ಲಿ ಹಳೆಯ ಬೆಂಕಿ ಹೊಸದಾಗಿ ಹೊತ್ತಿಕೊಂಡಿತು.

ಪಕ್ಕದಲ್ಲಿ ಯಾರೋ ನಿಟ್ಟುಸಿರು ಬಿಟ್ಟರು. ತಿರುಗಿದರೆ ತಿಮ್ಮರಾಜು. ಕೊರಳಿನ ಹಾರಗಳನ್ನು ಮರೆತು ಅವನೂ ಕರಡಿಯನ್ನೇ ನೋಡುತ್ತಿದ್ದ. ತುಟಿ ನಡುಗುತ್ತಿತ್ತು. ಆ ನೋಟ ಶಂಕರಲಿಂಗಪ್ಪನಿಗೆ ಗುರುತು ಸಿಕ್ಕಿತು. ಈಗತಾನೆ ಒಳಗೆ ಪರದೆಯ ಮೇಲೆ ಅದನ್ನೇ ನೋಡಿ ಬಂದಿದ್ದ.

"ಆ ಕರಡಿ ಬಂದಿದ್ದೇ ಬಂದಿದ್ದು, ನನ್ ಮಕ ಒಬ್ನೂ ನೋಡ್ಲಿಲ್ಲ ಕಣ್ಲಾ ಶಂಕ್ರ," ಎಂದ ತಿಮ್ಮರಾಜು.

"ನನ್ ಮಕ ಇರ್ಲೇ ಇಲ್ವಲ್ಲೋ," ಎಂದ ಶಂಕರಲಿಂಗಪ್ಪ.

ಅಷ್ಟರಲ್ಲಿ ಇನ್ನೊಂದು ಕೂಸನ್ನು ಅದರಪ್ಪ ಮೇಲಕ್ಕೆತ್ತಿದ. ಕೂಸು ಕರಡಿಯ ಕೆನ್ನೆಗೆ ಲೊಚ್ಚನೆ ಮುತ್ತು ಕೊಟ್ಟಿತು.

"ಇಬ್ರೂ ಅಂಗೇ ನೋಡ್ತಾ ನಿಂತ್ಕಳ್ರಿ," ಎಂದು ಚಿಕ್ಕಹನುಮಕ್ಕ ಆ ಕಡೆಯಿಂದ ಕೂಗಿದಳು. "ಟೆಂಪೋ ಹೊಂಟೋಯ್ತದೆ!"

ಇಬ್ಬರೂ ಕದಲಲಿಲ್ಲ. ಒಂದೇ ಬೆಂಚಿನಲ್ಲಿ ಕೂತಿದ್ದವರ ಹಾಗೆ ಹೆಗಲಿಗೆ ಹೆಗಲು ತಾಗಿಸಿ ನಿಂತು, ಕರಡಿಯನ್ನು ನೋಡಿ ಹಲ್ಲು ಕಡಿದರು.