ಪಕ್ಕದ ಸ್ಟೂಲಿನಿಂದ ಕಂಡ ಹಳದಿ

ಇದನ್ನು ಹೇಳಲು ಹೊರಟಿದ್ದಕ್ಕೆ ಮೊದಲೇ ಕ್ಷಮೆ ಕೇಳಬೇಕು. ಪರದೆಗಳ ಬಗ್ಗೆ ಇದಕ್ಕಿಂತ ಚೆನ್ನಾಗಿ ಬಲ್ಲವರಿದ್ದಾರೆ, ಆಸ್ಪತ್ರೆಯ ಬಗ್ಗೆಯೂ ಇದ್ದಾರೆ. ಅವರ್ಯಾರೂ ಹೇಳಲಿಲ್ಲ, ಅದಕ್ಕೇ ಈ ಧೈರ್ಯ.

ಟಿವಿಗೂ ಯಂತ್ರಗಳಿಗೂ ಕೂರಿಸುವ ಪರದೆಗಳ ಕಾರ್ಖಾನೆಯ ತಪಾಸಣೆ ಕೋಣೆಯಲ್ಲಿ ಅವಳಿಗೆ ‘ಇನ್ನೊಮ್ಮೆ’ ಎಂದೇ ಹೆಸರು. ಯಾವ ಪರದೆಗೂ ಒಂದೇ ಸಲ ನೋಡಿ ಸಹಿ ಹಾಕಿದವಳಲ್ಲ. ಊಟದ ಡಬ್ಬಿಯ ಮುಚ್ಚಳವನ್ನೂ ಎರಡು ಸಲ ಒತ್ತಿ ನೋಡುತ್ತಾಳೆ ಎಂದು ಜೊತೆಯವರು ಕಾಲೆಳೆಯುತ್ತಿದ್ದರು. ಹಗಲು ದುಡಿದು, ಸಂಜೆ ತರಗತಿಗೆ ಹೋಗಿ ಡಿಪ್ಲೊಮಾ ಮುಗಿಸಿದವಳು. ತನಗೆ ಅರ್ಧ ಮಾತ್ರ ಗೊತ್ತು ಎಂಬ ಅಳುಕು ಅವಳನ್ನು ಬಿಟ್ಟಿರಲಿಲ್ಲ.

ಗೊತ್ತಿದ್ದ ಅರ್ಧ ಇಷ್ಟು. ಪರದೆಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕೆಂಪು, ಹಸಿರು, ನೀಲಿ ಕಿಟಕಿಗಳು ಸಾಲಾಗಿರುತ್ತವೆ. ಹಿಂದಿನ ದೀಪದ ಬೆಳಕು, ಎಲ್ಲಿ ಎಷ್ಟು ಬೇಕೋ ಅಷ್ಟೇ ಬೆಳಕು ಬಿಡುವ ದ್ರವಸ್ಫಟಿಕದ ಪದರವನ್ನು ದಾಟಿ ಆ ಕಿಟಕಿಗಳಿಂದ ಹೊರಬರುತ್ತದೆ. ನೇರವಾಗಿ ನೋಡಿದರೆ ಕೆಂಪಿನ ಪಾಲಿನ ಬೆಳಕು ಕೆಂಪು ಕಿಟಕಿಯಿಂದಲೇ ಬರುತ್ತದೆ. ಓರೆಯಿಂದ ನೋಡಿದರೆ ಅದೇ ಬೆಳಕು ಪಕ್ಕದ ಹಸಿರು ಕಿಟಕಿಗೂ ನುಗ್ಗುತ್ತದೆ. ಕೆಂಪಿಗೆ ಹಸಿರು ಬೆರೆತು ಹಳದಿ ಕಾಣುತ್ತದೆ. ಇದನ್ನು ತಡೆಯಲು ಕಿಟಕಿಗಳ ನಡುವೆ ಕಪ್ಪು ಗೆರೆ ಇರುತ್ತದೆ. ಗೆರೆ ದಪ್ಪವಾದಷ್ಟೂ ಬಣ್ಣ ಬೆರೆಯುವುದು ಕಡಿಮೆ, ಆದರೆ ಪರದೆ ಮಂಕಾಗುತ್ತದೆ.

ಆ ಗೆರೆಯ ಅಗಲ ಗೊತ್ತುಮಾಡುವ ಎಂಜಿನಿಯರನ್ನು ಎಲ್ಲರೂ ಗೆರೆ ಸಾಹೇಬರೆನ್ನುತ್ತಿದ್ದರು. ಆಸ್ಪತ್ರೆಯ ಯಂತ್ರಗಳಿಗೆ ಹೋಗುವ ಪರದೆ ಇನ್ನಷ್ಟು ಬೆಳಗಬೇಕೆಂದು ಕೇಳಿಕೆ ಬಂದಾಗ ಅವರು ಗೆರೆಯನ್ನು ತೆಳುವಾಗಿಸಿದರು. ಅರವತ್ತು ಡಿಗ್ರಿ ಓರೆಯಿಂದ ನೋಡಿದರೂ ಬಣ್ಣ ಕೆಡಬಾರದು ಎಂಬುದು ನಿಯಮ. ಅದಕ್ಕೆಂದೇ ನಿಲ್ಲುವ ಜಾಗ ಗುರುತಿಸಿ ತಪಾಸಣೆ ಕೋಣೆಯ ನೆಲಕ್ಕೆ ಟೇಪು ಅಂಟಿಸಿದ್ದರು. ಅವಳು ಟೇಪಿನ ಮೇಲೆ ನಿಂತು ನೋಡಿದಳು, ಇನ್ನೊಮ್ಮೆ ನೋಡಿದಳು, ಬಣ್ಣ ಸರಿಯಿತ್ತು. ಸಹಿ ಹಾಕಿದಳು. ಹೀಗೇ ಹದಿನಾಲ್ಕು ತಿಂಗಳು.

ಒಂದು ಭಾನುವಾರ ಮಧ್ಯಾಹ್ನ, ಹಿಂದಿನ ದಿನ ಆಪರೇಷನ್ ಆಗಿದ್ದ ಅಕ್ಕನನ್ನು ನೋಡಲು ಆಸ್ಪತ್ರೆಗೆ ಹೋದಳು. ಅಕ್ಕ ಮಂಪರಿನಲ್ಲಿದ್ದಳು. ತಲೆದೆಸೆಯ ಪಕ್ಕ, ಹಾಸಿಗೆಗೂ ಗೋಡೆಗೂ ನಡುವಿನ ಇಕ್ಕಟ್ಟಿನಲ್ಲಿ ಸ್ಟೂಲು ಹಾಕಿಕೊಂಡು ಭಾವ ಕೂತಿದ್ದರು.

“ಬಂದ್ಲಪ್ಪ ತಪಾಸಣೆ,” ಎಂದರು ಭಾವ. “ಹಾಸಿಗೆ ಸೊಟ್ಟಗಿದ್ರೆ ಬರ್ಕೊಂಡ್ಬಿಡು.”

ತಲೆದಿಂಬಿನ ಮೇಲ್ಗಡೆ ನಾಡಿ, ಉಸಿರು ತೋರಿಸುವ ಯಂತ್ರ ತಮ್ಮಲ್ಲೇ ಆದ ಪರದೆಯದು ಎಂದು ಅವಳಿಗೆ ಗುರುತು ಸಿಕ್ಕಿತು. ಸ್ವಲ್ಪ ಹೆಮ್ಮೆಯೂ ಆಯಿತು. ಭಾವ ಅದರ ವಿಚಾರ ಹೇಳಿದರು. ಯಂತ್ರ ಕೂಗಿದಾಗೆಲ್ಲ ಅಕ್ಕ ಬೆಚ್ಚಿಬೀಳುತ್ತಿದ್ದಳೆಂದು ನರ್ಸಮ್ಮ ಸದ್ದು ಅಡಗಿಸಿದ್ದರಂತೆ. ಅಂಕಿಗಳ ಗೊಡವೆ ನಿಮಗೆ ಬೇಡ, ಕೆಳಗಿನ ಪಟ್ಟಿ ನೋಡ್ತಾ ಇರಿ, ಹಳದಿಯಿದ್ದರೆ ಗಾಬರಿಯಿಲ್ಲ, ಕೆಂಪಾದರೆ ಕ್ಷಣವೂ ತಡಮಾಡದೆ ಕೂಗಿ ಎಂದಿದ್ದರಂತೆ. ಬೆಳಗಿನಿಂದ ಹಳದಿಯೇ ಇದೆ, ಕಣ್ಣು ಮಿಟುಕಿಸಿದ್ದರೆ ಕೇಳು ಎಂದು ಹೇಳಿ, ಅವಳಿಗೆ ಸ್ಟೂಲು ಬಿಟ್ಟುಕೊಟ್ಟು ಕಾಲು ಝಾಡಿಸಿಕೊಳ್ಳಲು ಬಾಗಿಲ ಕಡೆ ನಡೆದರು.

ಅವಳು ಕೂತಳು. ಪಟ್ಟಿ ಹಳದಿಯಿತ್ತು. ಆದರೆ ಅದರ ಅಂಚಿನಲ್ಲಿ ಬಣ್ಣ ಏನೋ ಕಲಸಿದಂತಿತ್ತು. ಕೆಲಸದ ಚಾಳಿಯಂತೆ ಕತ್ತನ್ನು ಮುಂದಕ್ಕೆ ಚಾಚಿದಳು. ಹಳದಿ ಕಿತ್ತಳೆಯಾಯಿತು. ಎದ್ದು ಹಾಸಿಗೆಯ ಕಾಲ್ದೆಸೆಗೆ ಬಂದು ನಿಂತಳು.

ಕೆಂಪು. ಅಪ್ಪಟ ಕೆಂಪು.

ಅಕ್ಕನ ತುಟಿ ನೀಲಿಗಟ್ಟಿದ್ದನ್ನು ಆಗ ನೋಡಿದಳು. ಹೇಗೆ ಓಡಿದಳೋ, ನರ್ಸಮ್ಮನ ತೋಳು ಹಿಡಿದು ಎಳೆದುಕೊಂಡೇ ಬಂದಳು. ಒಬ್ಬರ ಹಿಂದೊಬ್ಬರು ನಾಲ್ಕು ಜನ ನುಗ್ಗಿದರು. ಆಮ್ಲಜನಕದ ಕೊಳವೆ ಬಂತು. ಇವರಿಬ್ಬರನ್ನೂ ಹೊರಗೆ ತಳ್ಳಿದರು.

“ಹಳದಿನೇ ಇತ್ತಲ್ಲಮ್ಮ,” ಎಂದರು ಭಾವ, ಕಾರಿಡಾರಿನ ಗೋಡೆ ಹಿಡಿದುಕೊಂಡು. “ಹಳದಿ ಇದ್ರೆ ಸುಮ್ನಿರಿ ಅಂದಿದ್ರು.”

ಅವಳು ಅವರನ್ನು ಬೆಂಚಿನ ಮೇಲೆ ಕೂರಿಸಿದಳು.

ಅಕ್ಕನ ಉಸಿರು ಹದಕ್ಕೆ ಬಂದ ಮೇಲೆ, ಆ ಪರದೆಯನ್ನು ಪಕ್ಕದಿಂದ ನೋಡಿ ನಂಬಬೇಡಿ ಎಂದು ನರ್ಸಮ್ಮನಿಗೆ ತೋರಿಸಿ ಹೇಳಿದಳು. ಅವರು ಕೂಡಲೇ ಯಂತ್ರ ಬದಲಿಸಿದರು.

ಮರುದಿನ ಬೆಳಿಗ್ಗೆ ಎಲ್ಲವನ್ನೂ ಗೆರೆ ಸಾಹೇಬರ ಮುಂದಿಟ್ಟಳು. ಅವರು ಮೊದಲು ನಂಬಲಿಲ್ಲ, ನೀವು ನಿಜವಾಗಿ ಅರವತ್ತರಲ್ಲಿ ನಿಂತು ನೋಡಿದ್ದೀರಾ ಎಂದು ಕೇಳಿದರು. ಟೇಪಿನ ಮೇಲೆ ನಿಂತೇ ನೋಡಿದ್ದೇನೆ ಎಂದಳು. ಸಾಹೇಬರು ಪರದೆಯಿಂದ ಟೇಪಿನ ತನಕ ದಾರ ಎಳೆದು ಕೋನಮಾಪಕ ಹಿಡಿದರು.

ನಲವತ್ತೈದು.

ಇನ್ನೊಮ್ಮೆ ಹಿಡಿದರು. ನಲವತ್ತೈದೇ.

ಆಗ ಅವಳಿಗೆ ನೆನಪಾಯಿತು. ಹದಿನಾಲ್ಕು ತಿಂಗಳ ಹಿಂದೆ ಪರದೆ ಇಡುತ್ತಿದ್ದ ಅಗಲವಾದ ಹಳೆಯ ಮೇಜು ಹೋಗಿ ಕಿರಿದಾದ ಮೇಜು ಬಂದಿತ್ತು. ಅದನ್ನು ಗೋಡೆಗೆ ಒತ್ತಿಟ್ಟಾಗ ಪರದೆ ಎರಡು ಗೇಣು ಹಿಂದೆ ಸರಿದಿತ್ತು, ಟೇಪಿನಿಂದ ನೋಡುವ ಓರೆ ಅಷ್ಟು ಕಡಿಮೆಯಾಗಿತ್ತು. ಅದೇ ವಾರ ನೆಲದ ಟೇಪು ಕಿತ್ತುಬಂದಿತ್ತು. ಹೊಸ ಟೇಪನ್ನು ಹಳೆಯದರ ಅಂಟಿನ ಗುರುತಿನ ಮೇಲೇ, ಕೂದಲೆಳೆಯಷ್ಟೂ ಆಚೀಚೆ ಆಗದಂತೆ, ಮೊಣಕಾಲೂರಿ ಅಂಟಿಸಿದವಳು ಅವಳೇ. ಅಷ್ಟು ಜಾಗ್ರತೆಯಿಂದ ಅವಳು ಬೇರಾವ ಕೆಲಸವನ್ನೂ ಮಾಡಿರಲಿಲ್ಲ.

“ಅಂಟಿಸಿದ್ದು ನಾನೇ ಸರ್,” ಎಂದಳು.

ಸಾಹೇಬರು ಕೋನಮಾಪಕ ಕೆಳಗಿಟ್ಟರು. “ಗೆರೆ ಸಣ್ಣ ಮಾಡಿದ ದಿನ ನಾನೂ ಬಂದು ಇಲ್ಲೇ ನಿಂತು ನೋಡ್ದೆ ಕಣಮ್ಮ. ಅಳೆದು ನೋಡ್ಲಿಲ್ಲ. ನೀವು ಅಂಟಿಸಿದ್ದು ಅಂದ್ಮೇಲೆ ಅಳೆಯೋದೇನು ಅಂದ್ಕೊಂಡೆ.”

ಅಂದೇ ಸಾಗಣೆ ನಿಂತಿತು. ಪರದೆ ಹೋಗಿದ್ದ ಆಸ್ಪತ್ರೆಗಳಿಗೆಲ್ಲ ಪತ್ರ ಹೋಯಿತು. ತಪ್ಪು ಹೇಗಾಯಿತೆಂಬ ಭಾಗವನ್ನು ಅವಳೇ ಬರೆದು ಕೆಳಗೆ ಸಹಿ ಹಾಕಿದಳು. ಸಾಹೇಬರು ಗೆರೆಯನ್ನು ಮತ್ತೆ ದಪ್ಪ ಮಾಡಿದರು. ಬಣ್ಣದ ಕಿಟಕಿಗಳನ್ನು ದ್ರವಸ್ಫಟಿಕಕ್ಕೆ ಇನ್ನಷ್ಟು ಹತ್ತಿರ ತಂದರೆ ಬೆಳಕು ಪಕ್ಕಕ್ಕೆ ನುಗ್ಗಲು ಜಾಗವೇ ಇರದು, ಗೆರೆಯೂ ಅಷ್ಟು ದಪ್ಪ ಬೇಕಾಗದು ಎಂದು ಹೊಸ ಲೆಕ್ಕಕ್ಕೆ ಕೂತರು.

ಅಕ್ಕ ಮೂರನೆಯ ದಿನ ಕಣ್ಣು ಬಿಟ್ಟಳು. ಈಗ ಓಡಾಡುತ್ತಾಳೆ. ಆದರೆ ಹೇಳಿದ್ದನ್ನೇ ಹೇಳುತ್ತಾಳೆ, ಒಲೆ ಹಚ್ಚಿ ಮರೆಯುತ್ತಾಳೆ. ಅದು ಆ ಮಧ್ಯಾಹ್ನದಿಂದ ಆದದ್ದೋ ಬೇರೆ ಕಾರಣವೋ, ವೈದ್ಯರು ಖಚಿತವಾಗಿ ಹೇಳಲಾರರು.

ಟೇಪಿನ ವಿಷಯವನ್ನು ಅವಳು ಭಾವನಿಗೆ ಮುಚ್ಚಿಡಲಿಲ್ಲ. ಅವರು ಬೈಯಲಿಲ್ಲ. ಒಂದೇ ಒಂದು ಮಾತು ಕೇಳಿದರು: “ನಾನು ನೋಡ್ತಾ ಕೂತಿದ್ದಾಗ ಅದು ಎಷ್ಟು ಹೊತ್ತಿಂದ ಕೆಂಪಿತ್ತು?”

ಅಂದು ಆಸ್ಪತ್ರೆಯಲ್ಲಿ ಬದಲಿಸುವಾಗ ಯಂತ್ರದ ಪ್ಲಗ್ ಕಿತ್ತಿದ್ದರು. ಅದರ ನೆನಪಿನಲ್ಲಿದ್ದದ್ದೆಲ್ಲ ಅಳಿಸಿಹೋಗಿತ್ತು. ಐದು ನಿಮಿಷವಿರಬಹುದು, ಬೆಳಗಿನಿಂದಲೂ ಇರಬಹುದು. ಅವಳಿಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ.